ಬೋರ್ ಕೊರೆಸೋ ಮುಂಚೆ ಬಂಡೆ ನೋಡಿ
ನನ್ನ ಮೊದಲ ಬೋರ್ 900 ಅಡಿ ಹೋದರೂ ಬಂದಿದ್ದು ಬರೀ ಬಿಳಿ ಧೂಳು. ಸಾಲ ಮಾಡಿ ಕಲಿತ ಪಾಠ ಇದು.

ನಮ್ಮ ರಾಮನಗರದ ಬೆಟ್ಟಗಳು ಗ್ರಾನೈಟ್. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಹೊರಪದರದ ಆಳದಲ್ಲಿ ಕರಗಿದ ಕಲ್ಲು ನಿಧಾನವಾಗಿ ತಣಿದು ಗಟ್ಟಿಯಾಯಿತು. ಮೇಲಿದ್ದದ್ದೆಲ್ಲ ಸವೆದು ಹೊರಗೆ ಕಂಡಿತು. ಊರಿನ ಹಳೇ ಹೆಸರಿನಲ್ಲೇ ಇದನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಅಂತಾರೆ.

ಗಟ್ಟಿ ಬಂಡೆಯೊಳಗೆ ನೀರು ನಿಲ್ಲಲ್ಲ. ನಿಲ್ಲೋದು ಮೇಲಿನ ಪುಡಿಕಲ್ಲಿನ ಪದರದಲ್ಲಿ, ಭೂಮಿಯ ಒತ್ತಡಕ್ಕೆ ಬಿಟ್ಟ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ಸಾಮಾನ್ಯವಾಗಿ ಕಡಿಮೆ.

ಹಾಗಾಗಿ ಅಕ್ಕಪಕ್ಕದ ಬೋರ್‌ಗಳಲ್ಲಿ ಎಷ್ಟು ಅಡಿಗೆ ನೀರು ಸಿಕ್ಕಿತು ಅಂತ ಕೇಳಿ, ಭೂವಿಜ್ಞಾನಿಯಿಂದ ಪರೀಕ್ಷೆ ಮಾಡಿಸಿ. ನಾನು ಎರಡನೇ ಬೋರ್ ಬಿಟ್ಟು ಬದು, ಇಂಗುಗುಂಡಿ ಮಾಡಿಸಿದೆ. ರೇಷ್ಮೆ ಸೊಪ್ಪಿನ ಸಾಲುಗಳಿಗೆ ಹೊದಿಕೆ ಹಾಕಿದೆ. ಬಿರುಕು ತುಂಬಬೇಕಾದ್ದು ಮಳೆ ನೀರೇ ತಾನೆ?