ಶಾಯಿ ಪೆನ್ನು: ನಂಬಿಕೆ ಯಾವುದು, ನಿಜ ಯಾವುದು?

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಶಾಯಿ ಪೆನ್ನು ಇನ್ನೂ ಕೈಬಿಟ್ಟುಹೋಗಿಲ್ಲ. ಮೇಷ್ಟ್ರ ಅಂಗಿಯ ಜೇಬಿನಲ್ಲಿ, ವಕೀಲರ ಮೇಜಿನ ಮೇಲೆ, ನಿವೃತ್ತಿಯ ಬೀಳ್ಕೊಡುಗೆಯ ಡಬ್ಬಿಯಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರ ಕೈಯಲ್ಲಿ ಅದು ಇದ್ದೇ ಇದೆ. ಐವತ್ತು ರೂಪಾಯಿಯ ಪೆನ್ನು ಕೊಳ್ಳುವಾಗ ಯಾರೂ ಹೆಚ್ಚು ಯೋಚಿಸುವುದಿಲ್ಲ. ಹತ್ತು ಸಾವಿರದ ಪೆನ್ನು ಕೊಳ್ಳುವವರು ಕಡಿಮೆ. ಗೊಂದಲವೆಲ್ಲ ನಡುವಿನ ಬೆಲೆಯಲ್ಲಿ, ಅಂದರೆ 500ರಿಂದ 3,000 ರೂಪಾಯಿಯೊಳಗೆ. ದುಡಿದ ದುಡ್ಡು ಹಾಕಿ ಕೊಳ್ಳುವವರಿಗೆ ಸಿಗುವ ಸಲಹೆಯಲ್ಲಿ ಅರ್ಧ ಅಜ್ಜನ ಕಾಲದ್ದು, ಇನ್ನರ್ಧ ಜಾಹೀರಾತಿನದು. ಅವುಗಳಲ್ಲಿ ಎಷ್ಟು ನಿಜ, ಎಷ್ಟು ಬರೀ ನಂಬಿಕೆ ಎಂದು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಬಂಗಾರದ ಬಣ್ಣದ ನಿಬ್ಬಾದರೆ ಬರಹ ನುಣುಪು

ಸತ್ಯ: ಈ ಬೆಲೆಯಲ್ಲಿ ಸಿಗುವ ಪೆನ್ನಿನ ನಿಬ್ಬು ಸ್ಟೇನ್‌ಲೆಸ್ ಸ್ಟೀಲಿನದು. ಹಳದಿಯಾಗಿ ಹೊಳೆಯುವುದು ಮೇಲಿನ ತೆಳು ಲೇಪ ಮಾತ್ರ. ನಿಜವಾದ ಬಂಗಾರದ ನಿಬ್ಬಿನ ಮೇಲೆ 14 ಕ್ಯಾರೆಟ್ ಇಲ್ಲವೇ 585, 18 ಕ್ಯಾರೆಟ್ ಇಲ್ಲವೇ 750 ಎಂಬ ಗುರುತು ಇರುತ್ತದೆ. 585 ಎಂದರೆ ಸಾವಿರ ಭಾಗದಲ್ಲಿ 585 ಭಾಗ ಬಂಗಾರ.

ಅದಕ್ಕಿಂತ ಮುಖ್ಯವಾದ ಮಾತೆಂದರೆ, ಕಾಗದಕ್ಕೆ ತಾಗುವುದು ಬಂಗಾರವೂ ಅಲ್ಲ, ಸ್ಟೀಲೂ ಅಲ್ಲ. ಒಳ್ಳೆಯ ನಿಬ್ಬಿನ ತುದಿಯಲ್ಲಿ ಬಹಳ ಗಟ್ಟಿಯಾದ ಮಿಶ್ರಲೋಹದ ಒಂದು ಸಣ್ಣ ಕಾಳನ್ನು ಬೆಸೆದಿರುತ್ತಾರೆ. ಹಿಂದೆ ಅದಕ್ಕೆ ಇರಿಡಿಯಂ ಬಳಸುತ್ತಿದ್ದುದರಿಂದ ಇಂದಿಗೂ ನಿಬ್ಬಿನ ಮೇಲೆ ‘ಇರಿಡಿಯಂ ಪಾಯಿಂಟ್’ ಎಂದು ಒತ್ತುತ್ತಾರೆ. ಈಗಿನ ತುದಿಗಳಲ್ಲಿ ಸಾಮಾನ್ಯವಾಗಿ ಇರುವುದು ರುಥೇನಿಯಂ, ಆಸ್ಮಿಯಂ, ಟಂಗ್‌ಸ್ಟನ್ ಮುಂತಾದವು. ಬರಹದ ನುಣುಪು ಈ ಕಾಳಿಗೆ ಕೊಟ್ಟ ಪಾಲಿಷ್‌ನಿಂದಲೂ ನಿಬ್ಬಿನ ಸೀಳಿನ ಎರಡು ಬದಿಯ ಕವಲುಗಳ ಹೊಂದಾಣಿಕೆಯಿಂದಲೂ ಬರುತ್ತದೆ. ಅಂಗಡಿಯಲ್ಲೇ ಪೆನ್ನನ್ನು ಬೆಳಕಿಗೆ ಹಿಡಿದು, ಭೂತಗನ್ನಡಿ ಇದ್ದರೆ ಅದರಲ್ಲಿ, ತುದಿಯನ್ನು ಎದುರಿನಿಂದ ನೋಡಿ. ಎರಡು ಕವಲುಗಳೂ ಒಂದೇ ಮಟ್ಟದಲ್ಲಿರಬೇಕು. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಆ ಪೆನ್ನು ಎಷ್ಟೇ ಬೆಲೆಯದಾದರೂ ಕಾಗದವನ್ನು ಗೀರುತ್ತದೆ. ಬೇರೆ ಪೆನ್ನು ತೋರಿಸಲು ಕೇಳಿ.

ತಪ್ಪು ಕಲ್ಪನೆ 2: ಮೀಡಿಯಂ ನಿಬ್ಬು ಎಲ್ಲರಿಗೂ ಸರಿಹೋಗುತ್ತದೆ

ಸತ್ಯ: ಇಂಗ್ಲಿಷ್ ಬರೆಯುವ ಕೈಗೆ ಸರಿಹೋಗಬಹುದು. ಕನ್ನಡದ ಲೆಕ್ಕ ಬೇರೆ. ನಮ್ಮ ಅಕ್ಷರಗಳು ದುಂಡು, ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಒಂದು ಚುಕ್ಕೆಯೋ ಒಂದು ಸೀಳೋ ಅಕ್ಷರವನ್ನೇ ಬದಲಿಸುತ್ತದೆ. ‘ರ’ದ ಒಳಗೆ ಚುಕ್ಕೆ ಇಟ್ಟರೆ ‘ಠ’. ‘ದ’ಕ್ಕೆ ಕೆಳಗೆ ಸೀಳು ಕೊಟ್ಟರೆ ‘ಧ’. ಮೂರು ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ ಮುಕ್ಕಾಲು ಮಿಲಿಮೀಟರ್ ದಪ್ಪದ ಗೆರೆ ಎಳೆದರೆ ಒಳಗಿನ ಜಾಗವೇ ಮುಚ್ಚಿಹೋಗುತ್ತದೆ.

ಅಂಗಡಿಯಲ್ಲಿ ಪರೀಕ್ಷೆಗೆಂದು ಬರೀ ಸೊನ್ನೆ ಸುತ್ತುವುದನ್ನು ಬಿಟ್ಟು ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’, ‘ಕಂಠ’ ಎಂಬ ಮೂರು ಪದಗಳನ್ನು ನಿಮ್ಮ ಎಂದಿನ ಗಾತ್ರದಲ್ಲಿ ಬರೆಯಿರಿ. ‘ತ್ರ್ಯ’ದ ಎರಡೂ ಒತ್ತುಗಳು ಬಿಡಿಬಿಡಿಯಾಗಿ ಕಂಡು, ‘ಠ’ದ ಚುಕ್ಕೆಯ ಸುತ್ತ ಬಿಳಿ ಉಳಿದರೆ ಆ ನಿಬ್ಬು ನಿಮ್ಮ ಕನ್ನಡಕ್ಕೆ ಸರಿ. ಹೆಚ್ಚಿನವರಿಗೆ ಒಪ್ಪುವುದು ಫೈನ್ ನಿಬ್ಬು. ಆದರೆ ಫೈನ್ ಎಂಬುದು ಎಲ್ಲ ಕಂಪನಿಗೂ ಒಂದೇ ಅಳತೆಯಲ್ಲ. ಪೈಲಟ್, ಪ್ಲಾಟಿನಂ ಮುಂತಾದ ಜಪಾನಿ ಕಂಪನಿಗಳ ಫೈನ್, ಲ್ಯಾಮಿಯಂಥ ಜರ್ಮನ್ ಕಂಪನಿಯ ಫೈನ್‌ಗಿಂತ ಸಣ್ಣದು. ಜಪಾನಿ ಮೀಡಿಯಂ ಹೆಚ್ಚುಕಡಿಮೆ ಜರ್ಮನ್ ಫೈನ್‌ಗೆ ಸಮ.

ಪರೀಕ್ಷೆಗೆ ಕಾಗದವನ್ನೂ ಮನೆಯಿಂದಲೇ ಒಯ್ಯಿರಿ. ಅಂಗಡಿಯವರು ಕೊಡುವ ನುಣುಪು ಕಾಗದದ ಮೇಲೆ ಎಲ್ಲ ಪೆನ್ನೂ ಚೆನ್ನಾಗಿಯೇ ಬರೆಯುತ್ತದೆ. ನಾವು ದಿನಾ ಬರೆಯುವುದು ತೆಳು ನೋಟ್‌ಬುಕ್ಕಿನಲ್ಲಿ. ಶಾಯಿ ಹರಡುವುದಕ್ಕೂ ಹಿಂಬದಿಗೆ ಇಳಿಯುವುದಕ್ಕೂ ಎಷ್ಟೋ ಸಲ ಕಾರಣ ಪೆನ್ನಲ್ಲ, ಕಾಗದ. ಕಾಗದ ಎಷ್ಟು ಜಿಎಸ್‌ಎಂ ಎಂಬುದು ಅದರ ತೂಕವನ್ನಷ್ಟೇ ಹೇಳುತ್ತದೆ. ಶಾಯಿ ಹೀರದಂತೆ ತಯಾರಿಕೆಯಲ್ಲಿ ಕೊಡುವ ಅಂಟಿನ ಸಂಸ್ಕಾರ ಸರಿಯಿಲ್ಲದಿದ್ದರೆ ದಪ್ಪ ಕಾಗದದಲ್ಲೂ ಅಕ್ಷರ ಒಡೆಯುತ್ತದೆ.

ತಪ್ಪು ಕಲ್ಪನೆ 3: ಶಾಯಿ ಪೆನ್ನು ಅಂದರೆ ಸೋರುವುದೇ, ಅಂಗಿ ಹಾಳಾಗುವುದೇ

ಸತ್ಯ: ಸೋರುವುದಕ್ಕೆ ಕಾರಣವಿದೆ. ಕಾರಣ ತಿಳಿದರೆ ತಪ್ಪಿಸಬಹುದು. ನಿಬ್ಬಿನ ಕೆಳಗೆ ನಾಲಿಗೆಯಂಥ ಕಪ್ಪು ತುಂಡು ಇರುತ್ತದಲ್ಲ, ಅದೇ ಫೀಡ್. ಎಷ್ಟು ಶಾಯಿ ಹೊರಗೆ ಬರುತ್ತದೋ ಅಷ್ಟೇ ಗಾಳಿಯನ್ನು ಒಳಗೆ ಬಿಡುವುದು ಅದರ ಕೆಲಸ. 1884ರಲ್ಲಿ ಅಮೆರಿಕದ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದದ್ದು ಇಂಥ ಫೀಡಿಗೇ. ಅದಕ್ಕೂ ನಾಲ್ಕು ದಶಕ ಮೊದಲು, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರದಲ್ಲಿದ್ದ ಕಾಲಕ್ಕೆ, ಬರೆಯುವವರಿಗೆ ದೌತಿಯಲ್ಲಿ ಅದ್ದಿ ಅದ್ದಿ ಬರೆಯುವುದೇ ದಾರಿಯಾಗಿತ್ತು.

ಶಾಯಿ ಖಾಲಿಯಾದಂತೆ ಪೆನ್ನಿನ ಹೊಟ್ಟೆಯಲ್ಲಿ ಗಾಳಿ ತುಂಬುತ್ತದೆ. ಬಿಸಿಯಾದರೆ ಗಾಳಿ ಹಿಗ್ಗುತ್ತದೆ. 30 ಡಿಗ್ರಿಯಿಂದ 40 ಡಿಗ್ರಿಗೆ ಏರಿದರೆ ಹಿಗ್ಗುವುದು ನೂರಕ್ಕೆ ಮೂರರಷ್ಟು. ಡ್ರಾಪರ್‌ನಿಂದ ನೇರ ಕೊಳವೆಗೇ ಶಾಯಿ ತುಂಬುವ ಪೆನ್ನಿನಲ್ಲಿ 3 ಮಿ.ಲೀ. ಗಾಳಿ ಇದ್ದರೆ, ಅದು 0.1 ಮಿ.ಲೀ. ಶಾಯಿಯನ್ನು ಹೊರಗೆ ದಬ್ಬುತ್ತದೆ. ಅಂದರೆ ಸುಮಾರು ಎರಡು ಹನಿ. ಅಂಗಿ ಹಾಳಾಗಲು ಅಷ್ಟು ಸಾಕು. ಬಾಟಲಿಯಿಂದ ಶಾಯಿ ಎಳೆದುಕೊಳ್ಳುವ ಒಳಗಿನ ಸಣ್ಣ ಕೊಳವೆಯೇ ಕನ್ವರ್ಟರ್. 0.7 ಮಿ.ಲೀ. ಹಿಡಿಯುವ ಕನ್ವರ್ಟರ್ ಬಹುತೇಕ ಖಾಲಿಯಿದ್ದರೂ ಅದೇ ಬಿಸಿಗೆ ಹೊರಬರುವುದು ಅರ್ಧ ಹನಿ. ಅಷ್ಟನ್ನು ಫೀಡಿನ ಪದರಗಳೇ ಹಿಡಿದುಕೊಳ್ಳುತ್ತವೆ.

ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟುವ ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಈ ಲೆಕ್ಕಕ್ಕೆ ಬಹಳ ಬೆಲೆಯಿದೆ. ದಿನವಿಡೀ ಬಸ್ಸಿನಲ್ಲೋ ಬೈಕಿನಲ್ಲೋ ಓಡಾಡುವವರು ಕನ್ವರ್ಟರ್ ಇರುವ ಪೆನ್ನು ಕೊಳ್ಳಲಿ. ಡ್ರಾಪರ್ ಪೆನ್ನೇ ಇಷ್ಟ ಎನ್ನುವವರು ಅದರಲ್ಲಿ ಶಾಯಿ ಅರ್ಧಕ್ಕಿಂತ ಕೆಳಗಿಳಿಯಲು ಬಿಡದಿರಲಿ. ಯಾವ ಪೆನ್ನಾದರೂ ಜೇಬಿನಲ್ಲಿಡುವಾಗ ನಿಬ್ಬು ಮೇಲಿರಲಿ.

ತಪ್ಪು ಕಲ್ಪನೆ 4: ನಾಲ್ಕು ದಿನ ಇಟ್ಟಮೇಲೆ ಬರೆಯದಿದ್ದರೆ ಪೆನ್ನು ಕೆಟ್ಟಿದೆ, ನಿಬ್ಬು ಉಜ್ಜಬೇಕು

ಸತ್ಯ: ಪೆನ್ನು ಕೆಟ್ಟಿಲ್ಲ, ಶಾಯಿ ಒಣಗಿದೆ. ಶಾಯಿಯಲ್ಲಿ ಬಹುಪಾಲು ನೀರೇ. ಬೇಸಿಗೆಯ ಒಣ ಗಾಳಿಗೆ ನೀರು ಆರಿ ಬಣ್ಣ ಸೀಳಿನಲ್ಲಿ ಕೂರುತ್ತದೆ. ಇಂಥ ಹೊತ್ತಿನಲ್ಲಿ ನಿಬ್ಬನ್ನು ಶಹಾಬಾದ್ ಕಲ್ಲಿನ ನೆಲಕ್ಕೆ ತಿಕ್ಕುವುದು, ಸೀಳಿನಲ್ಲಿ ಬ್ಲೇಡ್ ಆಡಿಸುವುದು ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ದಯವಿಟ್ಟು ಮಾಡಬೇಡಿ. ತಿಕ್ಕಿದರೆ ತುದಿಯ ಪಾಲಿಷ್ ಹೋಗುತ್ತದೆ. ಬ್ಲೇಡ್ ಆಡಿಸಿದರೆ ಸೀಳು ಅಗಲವಾಗಿ ಶಾಯಿಯ ಹರಿವೇ ತಪ್ಪುತ್ತದೆ. ಎರಡಕ್ಕೂ ಮನೆಮದ್ದಿಲ್ಲ.

ನಿಬ್ಬನ್ನು ತಣ್ಣೀರಿನಲ್ಲಿ ಕೆಲ ಹೊತ್ತು ನೆನೆಸಿ, ಕನ್ವರ್ಟರ್‌ನಿಂದ ನೀರು ಎಳೆದು ಬಿಟ್ಟು, ನೀರು ತಿಳಿಯಾಗುವವರೆಗೆ ತೊಳೆಯುವುದಷ್ಟೇ ಪರಿಹಾರ. ಬಿಸಿನೀರು, ಸ್ಪಿರಿಟ್ ಬೇಡ, ಪ್ಲಾಸ್ಟಿಕ್ ಹಾಳಾಗುತ್ತದೆ. ನಮ್ಮಲ್ಲಿ ಎಷ್ಟೋ ಕಡೆ ಬೋರಿನ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಕಟ್ಟುವ ಅದೇ ಲವಣ ಫೀಡಿನ ಕೂದಲೆಳೆಯಂಥ ಕಾಲುವೆಯಲ್ಲೂ ಕೂರುತ್ತದೆ. ಕೊನೆಯ ತೊಳೆತಕ್ಕೆ ಫಿಲ್ಟರ್ ನೀರೋ ಮಳೆ ನೀರೋ ಬಳಸಿ.

ಕೊಳ್ಳುವಾಗಲೇ ಕ್ಯಾಪ್ ಬಿಗಿಯಾಗಿ ಕೂರುತ್ತದೆಯೇ ಎಂದು ನೋಡಿದರೆ ಈ ತೊಂದರೆ ಅರ್ಧ ಕಡಿಮೆ. ಪ್ಲಾಟಿನಂ ಕಂಪನಿಯ ಪ್ರೆಪಿ, ಪ್ಲೈಸಿರ್ ಪೆನ್ನುಗಳ ಕ್ಯಾಪಿನೊಳಗೆ ಸ್ಪ್ರಿಂಗ್ ಇರುವ ಇನ್ನೊಂದು ಮುಚ್ಚಳವಿದೆ. ಬಳಸದೆ ಇಟ್ಟರೂ ಒಂದು ವರ್ಷ ಶಾಯಿ ಒಣಗುವುದಿಲ್ಲ ಎಂಬುದು ಕಂಪನಿಯ ಮಾತು. ನಮ್ಮ ಬಿಸಿಲಿನಲ್ಲಿ ಅಷ್ಟು ದಿನ ಬರದಿದ್ದರೂ, ಸಡಿಲ ಕ್ಯಾಪಿನ ಪೆನ್ನಿಗಿಂತ ಅದು ಎಷ್ಟೋ ಮೇಲು.

ತಪ್ಪು ಕಲ್ಪನೆ 5: ಶಾಯಿ ಯಾವುದಾದರೂ ಒಂದೇ

ಸತ್ಯ: ಸುರಪುರ ಕಿರುಚಿತ್ರಕಲೆಗೆ ಹೆಸರಾದ ಊರು. ಚಿತ್ರ ಬರೆಯುವವರ ಮನೆಯಲ್ಲಿ ಕಪ್ಪು ಡ್ರಾಯಿಂಗ್ ಇಂಕ್ ಇರುವುದು ಸಹಜ. ಅದನ್ನು ಪೆನ್ನಿಗೆ ತುಂಬಬೇಡಿ. ಅದರಲ್ಲಿರುವ ಅರಗಿನಂಥ ಅಂಟು ಒಣಗಿತೆಂದರೆ ನೀರಿಗೆ ಕರಗುವುದಿಲ್ಲ, ಫೀಡು ಮುಚ್ಚಿಹೋಗುತ್ತದೆ. ಸ್ಟಾಂಪ್ ಪ್ಯಾಡಿನ ಶಾಯಿಯೂ ಬೇಡ. ಬಾಟಲಿಯ ಮೇಲೆ ಫೌಂಟನ್ ಪೆನ್ ಇಂಕ್ ಎಂದು ಇರಲೇಬೇಕು.

ಚೆಕ್ ಮೇಲೆ ಕಪ್ಪು ಶಾಯಿಯಿಂದ ಬರೆಯುವುದನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದೆ ಎಂಬ ಸುದ್ದಿ 2025ರ ಜನವರಿಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಡಿತ್ತು. ಅದು ಸುಳ್ಳು ಎಂದು ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ ಆಗಲೇ ಹೇಳಿದೆ. ರಿಸರ್ವ್ ಬ್ಯಾಂಕ್ ಶಾಯಿಗೆ ಇಂಥದ್ದೇ ಬಣ್ಣ ಎಂದು ಗೊತ್ತುಮಾಡಿಲ್ಲ. ಸ್ಕ್ಯಾನ್ ಮಾಡಿದಾಗ ಚೆನ್ನಾಗಿ ಕಾಣುವ ಬಣ್ಣವಾಗಿರಲಿ ಎನ್ನುತ್ತದೆ ಅಷ್ಟೆ. ಎಚ್ಚರ ಬೇಕಾದದ್ದು ಬೇರೆ ಕಡೆ: ರಾಯಲ್ ಬ್ಲೂ, ವಾಷಬಲ್ ಎಂದಿರುವ ಶಾಯಿ ನೀರು ತಾಗಿದರೆ ಅಳಿಸಿಹೋಗುತ್ತದೆ. ಚೆಕ್ಕಿಗೆ, ಕರಾರು ಪತ್ರಕ್ಕೆ ಪರ್ಮನೆಂಟ್ ಶಾಯಿಯೇ ಇರಲಿ. ಪರೀಕ್ಷೆಯ ಓಎಂಆರ್ ಹಾಳೆಗೆ ಮಾತ್ರ ಬಾಲ್ ಪೆನ್ನೇ ಬೇಕು. ವಿವರವಾಗಿ ಬರೆಯುವ ಪತ್ರಿಕೆಗೂ ಪ್ರವೇಶ ಪತ್ರದ ಸೂಚನೆ ಓದಿಕೊಂಡೇ ಶಾಯಿ ಪೆನ್ನು ಒಯ್ಯಿರಿ.

ತಪ್ಪು ಕಲ್ಪನೆ 6: ವಿದೇಶಿ ಹೆಸರಿದ್ದರೆ ಒಳ್ಳೆಯದು, ನಮ್ಮ ದೇಶದ್ದು ಕಳಪೆ

ಸತ್ಯ: ನಮ್ಮ ಅಂಗಡಿಗಳಲ್ಲಿ ಸಿಗುವ ಪಾರ್ಕರ್ ವೆಕ್ಟರ್, ಫ್ರಾಂಟಿಯರ್‌ಗಳನ್ನು ದಶಕಗಳಿಂದ ಲಕ್ಸರ್ ಕಂಪನಿ ಭಾರತದಲ್ಲೇ ತಯಾರಿಸಿ ಮಾರುತ್ತ ಬಂದಿದೆ. ಅಮೆರಿಕದ ಹಳೆಯ ಹೆಸರಾದ ಶೆಫರ್ 2022ರಿಂದ ಬೆಂಗಳೂರಿನ ವಿಲಿಯಂ ಪೆನ್ ಕಂಪನಿಯದು. ರಾಜಮಹೇಂದ್ರಿಯ ರತ್ನಂ ಪೆನ್ನು ಸ್ವದೇಶಿ ಚಳವಳಿಯ ಕಾಲದಲ್ಲಿ ಹುಟ್ಟಿದ್ದು, 1935ರಲ್ಲಿ ಗಾಂಧೀಜಿಯವರ ಮೆಚ್ಚುಗೆಯ ಪತ್ರ ಪಡೆದದ್ದು. 1928ರಿಂದ ಇರುವ ಡೆಕ್ಕನ್ ಪೆನ್ ಸ್ಟೋರ್ಸ್ ಹೈದರಾಬಾದಿನಲ್ಲಿದೆ. ಕೆಲಸಕ್ಕೋ ಆಸ್ಪತ್ರೆಗೋ ಆ ಊರಿಗೆ ಹೋಗಿಬರುವ ನಮ್ಮವರು, ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡಲು ಇಂಥ ಅಂಗಡಿಗಳಿಗೆ ಒಂದು ಗಂಟೆ ಕೊಡಬಹುದು.

ಹೆಸರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ಇದಕ್ಕೆ ಹಾಕುವ ವಸ್ತು ನಮ್ಮೂರಲ್ಲಿ ಸಿಗುತ್ತದೆಯೇ? ಪಾರ್ಕರ್, ಲ್ಯಾಮಿ, ಪೈಲಟ್, ಪ್ಲಾಟಿನಂ ನಾಲ್ಕಕ್ಕೂ ಶಾಯಿ ತುಂಬಿಬರುವ ಕಾರ್ಟ್ರಿಜ್ ಬೇರೆ ಬೇರೆ, ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಕ್ಯಾಮೆಲ್ ಶಾಯಿಯ ಬಾಟಲಿ ಸಣ್ಣ ಊರಲ್ಲೂ ಸಿಗುತ್ತದೆ. ಆದ್ದರಿಂದ ಪೆನ್ನಿನ ಜೊತೆಗೇ ಕನ್ವರ್ಟರ್ ಕೊಡುತ್ತಾರೆಯೇ ಎಂದು ಕೇಳಿ. 60 ಮಿ.ಲೀ. ಬಾಟಲಿಯಿಂದ 0.7 ಮಿ.ಲೀ. ಕನ್ವರ್ಟರನ್ನು ಎಂಬತ್ತಕ್ಕೂ ಹೆಚ್ಚು ಸಲ ತುಂಬಬಹುದು.

ತಪ್ಪು ಕಲ್ಪನೆ 7: ಭಾರವಿದ್ದರೆ ಗಟ್ಟಿ, ಹಗುರವಿದ್ದರೆ ಅಗ್ಗದ್ದು

ಸತ್ಯ: 1980ರಲ್ಲಿ ಬಂದ ಲ್ಯಾಮಿ ಸಫಾರಿ ಹಗುರ ಪ್ಲಾಸ್ಟಿಕ್ಕಿನದು, ಶಾಲಾ ಮಕ್ಕಳಿಗೆಂದೇ ರೂಪಿಸಿದ್ದು. ಇಂದಿಗೂ ಅದು ಗಟ್ಟಿಮುಟ್ಟಿಗೆ ಹೆಸರುವಾಸಿ. ಪೈಲಟ್ ಮೆಟ್ರೊಪಾಲಿಟನ್ ಹಿತ್ತಾಳೆಯ ಮೈಯದು, ಅದಕ್ಕಿಂತ ಭಾರ. ಎರಡೂ ಒಳ್ಳೆಯ ಪೆನ್ನೇ. ಮೂರು ಗಂಟೆ ಪರೀಕ್ಷೆ ಬರೆಯುವವರಿಗೆ ಹಗುರ ಪೆನ್ನು ಮೇಲು. ಸಹಿಗೆ, ನಾಲ್ಕು ಸಾಲಿನ ಟಿಪ್ಪಣಿಗೆ ಭಾರವಾದರೂ ನಡೆದೀತು. ಸಫಾರಿಯ ಹಿಡಿಕೆ ಮೂರು ಮೂಲೆಯದು. ಬೆರಳು ಅದು ಹೇಳಿದ ಕಡೆಯೇ ಕೂರಬೇಕು. ಬೇರೆ ರೀತಿ ಹಿಡಿಯುವವರಿಗೆ ಅದು ಒಗ್ಗುವುದಿಲ್ಲ. ಕೊಳ್ಳುವ ಮೊದಲೇ ಹಿಡಿದು ನೋಡಿ.

ತಪ್ಪು ಕಲ್ಪನೆ 8: ಇನ್ನೊಬ್ಬರ ಕೈಗೆ ಕೊಟ್ಟರೆ ನಿಬ್ಬು ಕೆಡುತ್ತದೆ

ಸತ್ಯ: ಒಂದು ಸಹಿಗೆ ಕೊಟ್ಟ ಮಾತ್ರಕ್ಕೆ ತುದಿಯ ಗಟ್ಟಿ ಲೋಹ ಸವೆಯುವುದಿಲ್ಲ. ಅಪಾಯ ಇರುವುದು ಒತ್ತುವುದರಲ್ಲಿ. ಬಾಲ್ ಪೆನ್ನಿನ ರೂಢಿಯವರು ನೆಟ್ಟಗೆ ಹಿಡಿದು ಒತ್ತಿ ಬರೆಯುತ್ತಾರೆ, ನಿಬ್ಬಿನ ಕವಲುಗಳು ಅಗಲುತ್ತವೆ. ಕೊಡುವಾಗ ಓರೆಯಾಗಿ ಹಿಡಿಯಿರಿ, ಒತ್ತಬೇಡಿ ಎಂದು ಹೇಳಿದರೆ ಸಾಕು. ನಿಬ್ಬಿಗೆ ನಿಜವಾದ ಶತ್ರು ಕೈಜಾರಿ ಕಲ್ಲುನೆಲಕ್ಕೆ ಬೀಳುವುದು. ಕ್ಯಾಪ್ ಹಾಕಿಯೇ ಪೆನ್ನು ಕೆಳಗಿಡುವ ಅಭ್ಯಾಸವನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ದಿನಾ ಕನ್ನಡ ಬರೆಯುವ ವಿದ್ಯಾರ್ಥಿಗೆ, ಶಿಕ್ಷಕರಿಗೆ ನನ್ನ ಸಲಹೆ ಸ್ಪಷ್ಟ: ಫೈನ್ ಸ್ಟೀಲ್ ನಿಬ್ಬು, ಹಗುರ ಮೈ, ಬಿಗಿ ಕ್ಯಾಪ್, ಜೊತೆಗೆ ಕನ್ವರ್ಟರ್. ಈ ನಾಲ್ಕೂ ಇದ್ದರೆ 500 ರೂಪಾಯಿಯ ಪೆನ್ನು ಸಾಕು. ಇಲ್ಲದಿದ್ದರೆ 3,000 ಕೊಟ್ಟರೂ ನಷ್ಟವೇ. ಉಳಿದ ಹಣದಲ್ಲಿ ಒಂದು ಬಾಟಲಿ ಶಾಯಿ, ಒಳ್ಳೆಯ ಕಾಗದದ ಎರಡು ನೋಟ್‌ಬುಕ್ ಕೊಳ್ಳಿ. ಅಕ್ಷರ ದುಂಡಾಗುವುದು ನಿಮ್ಮ ಕೈಯ ಅಭ್ಯಾಸದಿಂದ. ಅದಕ್ಕೆ ಅಡ್ಡಿ ಮಾಡದ ಪೆನ್ನೇ ಒಳ್ಳೆಯ ಪೆನ್ನು.