ಆಟೋಕ್ರಾಸ್ ಸ್ಪರ್ಧೆಗೆ ಕಾರು: ಯಾವ ಮಾರ್ಪಾಡು ಮೊದಲು?

ಪಶ್ಚಿಮ ಬೆಂಗಳೂರಿನ ರಾಜಾಜಿನಗರ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ ಇವುಗಳ ಆಸುಪಾಸಿನಲ್ಲಿ ಲೇತು ಯಂತ್ರದ ಸದ್ದು ಕೇಳದ ಬೀದಿ ವಿರಳ. ಲೋಹವನ್ನು ಕಡೆದು, ಕೊರೆದು, ಬೆಸೆದು ಬೇಕಾದ ಆಕಾರಕ್ಕೆ ತರಬಲ್ಲ ಕುಶಲಿಗಳು ಇಲ್ಲಿ ಹೇರಳವಾಗಿದ್ದಾರೆ. ಕೆಂಗೇರಿಯ ಕಡೆಗೆ ಹೋದರೆ ಮೈಸೂರು ರಸ್ತೆಯಲ್ಲಿರುವ ಆರ್. ವಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ‘ಅಶ್ವ ರೇಸಿಂಗ್’ ಎಂಬ ತಂಡ ಕಟ್ಟಿಕೊಂಡು ತಾವೇ ಸ್ಪರ್ಧಾವಾಹನಗಳನ್ನು ರಚಿಸುತ್ತ ಬಂದಿದ್ದಾರೆ. ಇಂತಹ ವಾತಾವರಣದಲ್ಲಿ ಬೆಳೆದ ತರುಣನೊಬ್ಬನಿಗೆ ಹಳೆಯ ಸಣ್ಣ ಕಾರೊಂದನ್ನು ಕೊಂಡು ಆಟೋಕ್ರಾಸ್ ಸ್ಪರ್ಧೆಗೆ ಅಣಿಗೊಳಿಸುವ ಹಂಬಲ ಹುಟ್ಟಿದರೆ ಆಶ್ಚರ್ಯಪಡಬೇಕಾದುದಿಲ್ಲ. ಆದರೆ ಕೈಯಲ್ಲಿರುವ ಹಣ ಸ್ವಲ್ಪ; ಅಂಗಡಿಗಳು ಮುಂದಿಡುವ ಸಾಮಗ್ರಿಗಳು ಅಸಂಖ್ಯ. ಯಾವುದಕ್ಕೆ ಮೊದಲು ಹಣ ತೆರಬೇಕು? ಈ ಪ್ರಶ್ನೆಗೆ ಭೌತಶಾಸ್ತ್ರವು ಕೊಡುವ ಉತ್ತರವನ್ನು ಇಲ್ಲಿ ವಿಚಾರಿಸೋಣ.

ಆಟೋಕ್ರಾಸ್ ಎಂದರೇನು?

ವಿಶಾಲವಾದ ಬಯಲಿನಲ್ಲಿ ಗುರುತುಗಳನ್ನು ನೆಟ್ಟು ಅಂಕುಡೊಂಕಾದ ಹಾದಿಯೊಂದನ್ನು ರಚಿಸುತ್ತಾರೆ. ಕಾರುಗಳು ಒಂದೊಂದಾಗಿ, ಕೆಲವೆಡೆ ಎರಡೆರಡಾಗಿ, ಆ ಹಾದಿಯನ್ನು ಸುತ್ತಿ ಬರಬೇಕು. ಕನಿಷ್ಠ ಕಾಲದಲ್ಲಿ ಮುಗಿಸಿದವನೇ ವಿಜಯಿ. ಹೋರಾಟ ಗಡಿಯಾರದೊಡನೆಯೇ ಹೊರತು ಪಕ್ಕದ ಕಾರನ್ನು ತಳ್ಳಿ ಮುನ್ನುಗ್ಗುವುದರಲ್ಲಿಲ್ಲ. ಅಮೆರಿಕದಲ್ಲಿ ಈ ಆಟವನ್ನು ಸಾಮಾನ್ಯವಾಗಿ ಡಾಂಬರು ಅಥವಾ ಕಾಂಕ್ರೀಟಿನ ಬಯಲುಗಳಲ್ಲಿ ಆಡುತ್ತಾರೆ. ನಮ್ಮ ದೇಶದಲ್ಲಾದರೋ ಅದು ಬಹುಮಟ್ಟಿಗೆ ಮಣ್ಣಿನ ಆಟ. ಈ ಭೇದವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಹೊರದೇಶದ ಸಲಹೆಗಳನ್ನು ಹಾಗೆಯೇ ಅನುಸರಿಸಿದವರ ಹಣ ವ್ಯರ್ಥವಾಗುವುದು ಇದೇ ಕಾರಣದಿಂದ.

ಒಂದು ಸಣ್ಣ ಲೆಕ್ಕ

ಮಾರುತಿ 800ರಂತಹ ಹಗುರವಾದ ಕಾರೊಂದನ್ನು ತೆಗೆದುಕೊಳ್ಳೋಣ. 1983ರಲ್ಲಿ ಹೊರಬಂದು 2014ರವರೆಗೆ ತಯಾರಾದ ಈ ಕಾರು ಇಂದಿಗೂ ಕಡಿಮೆ ಬೆಲೆಗೆ ದೊರೆಯುತ್ತದೆ. ಚಾಲಕನೂ ಸೇರಿ ಅದರ ತೂಕ 720 ಕಿಲೋಗ್ರಾಂ ಎಂದೂ, ಚಕ್ರಗಳನ್ನು ತಲುಪುವ ಸಾಮರ್ಥ್ಯ 22 ಕಿಲೋವಾಟ್ ಎಂದೂ ಇಟ್ಟುಕೊಳ್ಳೋಣ. ಗಟ್ಟಿ ಮಣ್ಣಿನ ಮೇಲೆ ಟೈರಿನ ಘರ್ಷಣಾಂಕ 0.6 ಎಂದು ಭಾವಿಸೋಣ.

12 ಮೀಟರು ತ್ರಿಜ್ಯದ ಅರ್ಧವೃತ್ತಾಕಾರದ ತಿರುವಿನಲ್ಲಿ ಈ ಕಾರು ಜಾರದೆ ಎಷ್ಟು ವೇಗದಿಂದ ಸಾಗಬಲ್ಲದು? ಘರ್ಷಣಾಂಕ, ಗುರುತ್ವ ವೇಗೋತ್ಕರ್ಷ, ತ್ರಿಜ್ಯ ಈ ಮೂರನ್ನೂ ಗುಣಿಸಿ ವರ್ಗಮೂಲವನ್ನು ತೆಗೆದರೆ ಉತ್ತರ ಬರುವುದು: ಸೆಕೆಂಡಿಗೆ 8.4 ಮೀಟರು, ಅಂದರೆ ಗಂಟೆಗೆ ಸುಮಾರು 30 ಕಿಲೋಮೀಟರು. ಈ ಲೆಕ್ಕದಲ್ಲಿ ಇಂಜಿನಿನ ಪ್ರಸ್ತಾಪವೇ ಇಲ್ಲವೆಂಬುದನ್ನು ಗಮನಿಸಿ. ತಿರುವಿನಲ್ಲಿ ಕಾರನ್ನು ಹಿಡಿದಿಡುವುದು ನೆಲವೂ ಟೈರೂ ಮಾತ್ರ. ತಿರುವು ಮುಗಿಯಲು 4.49 ಸೆಕೆಂಡು ಹಿಡಿಯುತ್ತದೆ. ಒಳ್ಳೆಯ ಟೈರಿನಿಂದ ಘರ್ಷಣಾಂಕವು 0.7ಕ್ಕೆ ಏರಿದರೆ ಅದೇ ತಿರುವು 4.16 ಸೆಕೆಂಡಿನಲ್ಲಿ ಮುಗಿಯುತ್ತದೆ. ಉಳಿತಾಯ, ಸೆಕೆಂಡಿನ ಮೂರನೆಯ ಒಂದು ಭಾಗ.

ತಿರುವಿನಾಚೆ 60 ಮೀಟರು ನೇರ ಹಾದಿಯಿದೆಯೆನ್ನೋಣ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನಮ್ಮ ಕಾರು ಅದನ್ನು 4.30 ಸೆಕೆಂಡಿನಲ್ಲಿ ದಾಟಿ ಗಂಟೆಗೆ ಸುಮಾರು 66 ಕಿಲೋಮೀಟರು ವೇಗವನ್ನು ಪಡೆಯುತ್ತದೆ. ಇಂಜಿನಿನ ಸಾಮರ್ಥ್ಯವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ 4.21 ಸೆಕೆಂಡು ಸಾಕು. ಉಳಿತಾಯ, ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಕಡಿಮೆ. ಟೈರು ತಂದ ಲಾಭ ಇದರ ಮೂರು ಮಡಿಗೂ ಮಿಕ್ಕಿದ್ದು!

ಇಷ್ಟರಿಂದಲೇ ಮುಗಿಯಲಿಲ್ಲ. ತಿರುವಿನಿಂದ ಹೊರಬೀಳುವ ಕ್ಷಣದಲ್ಲಿ ಇಂಜಿನು ಸುಮಾರು 2,600 ನ್ಯೂಟನ್ ಬಲವನ್ನು ಒದಗಿಸಬಲ್ಲದು. ಕಾರಿನ ತೂಕದಲ್ಲಿ ನೂರಕ್ಕೆ ಅರವತ್ತರಷ್ಟು ಮುಂದಿನ ಚಕ್ರಗಳ ಮೇಲಿದ್ದರೆ, ಆ ಚಕ್ರಗಳು ನೆಲಕ್ಕೆ ಒಪ್ಪಿಸಬಹುದಾದ ಬಲ ಸುಮಾರು 2,500 ನ್ಯೂಟನ್ ಮಾತ್ರ. ಇರುವ ಶಕ್ತಿಯನ್ನೇ ನೆಲವು ಪೂರ್ತಿಯಾಗಿ ಸ್ವೀಕರಿಸದಿರುವಾಗ ಇನ್ನಷ್ಟು ಶಕ್ತಿಯನ್ನು ಸೇರಿಸಿದರೆ ಚಕ್ರ ತಿರುಗೀತು, ಧೂಳು ಎದ್ದೀತು. ಕಾರು ಮುಂದೆ ಹೋಗದು.

ಟೈರಿನ ವಿಚಾರ

ಆದುದರಿಂದ ಮೊದಲ ಹಣ ಟೈರಿಗೆ ಸಲ್ಲಬೇಕು. ಮಣ್ಣಿನ ಮೇಲೆ ಟೈರು ಕೇವಲ ಉಜ್ಜುವುದಿಲ್ಲ. ಅದರ ಉಬ್ಬುಗಳು ಸಡಿಲ ಪದರವನ್ನು ಕೊರೆದು ಕೆಳಗಿನ ಗಟ್ಟಿ ನೆಲವನ್ನು ಕಚ್ಚುತ್ತವೆ. ಅಗಲವಾದ ಟೈರು ನೋಟಕ್ಕೆ ಗಂಭೀರವಾದರೂ ಸಡಿಲ ಮಣ್ಣಿನ ಮೇಲೆ ತೇಲಿಕೊಂಡು ಹೋಗುವುದುಂಟು. ಮಣ್ಣಿನ ರ‍್ಯಾಲಿಗಳ ಟೈರುಗಳು ಡಾಂಬರಿನ ರ‍್ಯಾಲಿಯ ಟೈರುಗಳಿಗಿಂತ ಕಿರಿದಾಗಿರುವುದು ಈ ಕಾರಣದಿಂದ. ದೊಡ್ಡ ಗಾಲಿಗಳಿಂದ ಇನ್ನೊಂದು ತೊಡಕಿದೆ. ಗಾಲಿಯ ಅಂಚಿನಲ್ಲಿರುವ ಪ್ರತಿಯೊಂದು ಕಿಲೋಗ್ರಾಂ ಲೋಹವನ್ನೂ ಮುಂದಕ್ಕೆ ಒಯ್ಯಬೇಕು, ಜೊತೆಗೆ ಸುತ್ತಿಸಲೂ ಬೇಕು. ವೇಗವನ್ನು ಏರಿಸುವಾಗ ಅದು ಎರಡು ಕಿಲೋಗ್ರಾಂನಂತೆ ವರ್ತಿಸುತ್ತದೆ.

ಟೈರಿನ ಗಾಳಿಯ ಒತ್ತಡವನ್ನು ಅಳೆಯುವ ಒಳ್ಳೆಯ ಮಾಪಕವೊಂದು ಅಲ್ಪ ಬೆಲೆಯ ಸಾಧನ. ಪ್ರತಿ ಓಟದ ಮೊದಲೂ ಒತ್ತಡವನ್ನು ಅಳೆದು, ಕಾಲದೊಡನೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸವು ಅನೇಕ ದುಬಾರಿ ಭಾಗಗಳಿಗಿಂತ ಹೆಚ್ಚು ಪ್ರಯೋಜನಕಾರಿ.

ಭಾರದ ಪಲ್ಲಟ

ಬಸ್ಸು ತಿರುಗುವಾಗ ನಿಂತ ಪ್ರಯಾಣಿಕನು ಹೊರಮಗ್ಗುಲಿಗೆ ವಾಲುವುದನ್ನು ಎಲ್ಲರೂ ಬಲ್ಲರು. ಕಾರಿನ ಭಾರವೂ ಹೀಗೆಯೇ ಹೊರಗಿನ ಚಕ್ರಗಳಿಗೆ ಸರಿಯುತ್ತದೆ. ನಮ್ಮ ಕಾರಿನ ಗುರುತ್ವ ಕೇಂದ್ರವು ನೆಲದಿಂದ ಅರ್ಧ ಮೀಟರು ಎತ್ತರದಲ್ಲಿದ್ದು, ಎಡಬಲ ಚಕ್ರಗಳ ಅಂತರ 1.2 ಮೀಟರು ಇದ್ದರೆ, ಮೇಲಿನ ತಿರುವಿನಲ್ಲಿ ಸುಮಾರು 180 ಕಿಲೋಗ್ರಾಂ ಭಾರ ಹೊರಕ್ಕೆ ಸರಿಯುವುದು. ನಿಂತಾಗ ಎರಡೂ ಬದಿಗಳು ತಲಾ 360 ಕಿಲೋಗ್ರಾಂ ಹೊತ್ತಿದ್ದರೆ, ತಿರುವಿನಲ್ಲಿ ಹೊರಬದಿಯು 540, ಒಳಬದಿಯು 180 ಕಿಲೋಗ್ರಾಂ ಹೊರುತ್ತವೆ. ಟೈರಿನ ಒಂದು ಗುಣವೇನೆಂದರೆ, ಭಾರ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಅದರ ಹಿಡಿತ ಹೆಚ್ಚುವುದಿಲ್ಲ. ಆದ್ದರಿಂದ ಭಾರವು ಒಂದೇ ಬದಿಗೆ ಸರಿದಷ್ಟೂ ಕಾರಿನ ಒಟ್ಟು ಹಿಡಿತ ಕುಗ್ಗುತ್ತದೆ.

ಹಾಗಾದರೆ ಕಾರನ್ನು ತಗ್ಗಿಸೋಣವೇ? ನಾಲ್ಕು ಸೆಂಟಿಮೀಟರು ತಗ್ಗಿಸಿದರೆ ಪಲ್ಲಟವಾಗುವ ಭಾರ 180ರಿಂದ ಸುಮಾರು 166ಕ್ಕೆ ಇಳಿಯುತ್ತದೆ. ಡಾಂಬರಿನ ಮೇಲೆ ಇದು ಲಾಭವೇ ಸರಿ. ಆದರೆ ಮಣ್ಣಿನ ಹಾದಿಯಲ್ಲಿ ಹಳ್ಳಗಳಿವೆ. ಪ್ರತಿ ಓಟದೊಡನೆ ಅವು ಆಳವಾಗುತ್ತವೆ. ಸ್ಪ್ರಿಂಗಿಗೆ ಆಡಲು ಎಡೆಯಿಲ್ಲದಿದ್ದರೆ ಚಕ್ರವು ನೆಲವನ್ನು ಬಿಟ್ಟು ನೆಗೆಯುವುದು. ನೆಲ ಬಿಟ್ಟ ಚಕ್ರಕ್ಕೆ ಹಿಡಿತವೆಲ್ಲಿಯದು? ಸ್ಪ್ರಿಂಗುಗಳನ್ನು ಕತ್ತರಿಸಿ ಕುಳ್ಳಾಗಿಸುವ ಅಗ್ಗದ ಉಪಾಯವಂತೂ ಸರ್ವಥಾ ಕೂಡದು. ಮಣ್ಣಿಗೆ ಬೇಕಾದುದು ಸುಸ್ಥಿತಿಯಲ್ಲಿರುವ ಷಾಕ್ ಅಬ್ಸಾರ್ಬರುಗಳು, ಸವೆಯದ ರಬ್ಬರು ಬುಷ್‌ಗಳು, ಸರಿಯಾದ ಚಕ್ರಜೋಡಣೆ ಮತ್ತು ಇಂಜಿನಿನ ಅಡಿಯನ್ನು ಕಾಯುವ ಲೋಹದ ಫಲಕ.

ಬ್ರೇಕು

ನೇರ ಹಾದಿಯ ಕೊನೆಯಲ್ಲಿ ಗಂಟೆಗೆ 66ರಿಂದ 30 ಕಿಲೋಮೀಟರಿಗೆ ಇಳಿಯುವಾಗ ಸುಮಾರು 95 ಕಿಲೋಜೂಲ್ ಚಲನಶಕ್ತಿ ಉಷ್ಣವಾಗುತ್ತದೆ. ಒಂದು ಸುತ್ತಿನಲ್ಲಿ ಹತ್ತು ಸಲ ಹೀಗಾದರೆ, ಆ ಉಷ್ಣವೆಲ್ಲ ಬ್ರೇಕಿನ ಹತ್ತು ಕಿಲೋಗ್ರಾಂ ಕಬ್ಬಿಣದಲ್ಲಿಯೇ ಉಳಿದರೂ, ಉಷ್ಣತೆ ಏರುವುದು ಸುಮಾರು 210 ಡಿಗ್ರಿಯಷ್ಟು. ಗಾಳಿಯು ತಂಪುಗೊಳಿಸುವುದರಿಂದ ವಾಸ್ತವದಲ್ಲಿ ಇನ್ನೂ ಕಡಿಮೆ. ಓಟಗಳ ನಡುವೆ ಬಿಡುವೂ ಇರುತ್ತದೆ. ಆದುದರಿಂದ ದೊಡ್ಡ ಡಿಸ್ಕುಗಳು ಅನಾವಶ್ಯಕ. ಬ್ರೇಕಿನ ದ್ರವವನ್ನು ಮಾತ್ರ ಅಲಕ್ಷಿಸಬಾರದು. ಅದು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ‘ಡಾಟ್ 4’ ವರ್ಗದ ಹೊಸ ದ್ರವವು ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ತೇವ ಹೀರಿದ ದ್ರವಕ್ಕೆ ಆ ಮಿತಿ 155 ಡಿಗ್ರಿ. ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ಆಗ ಪೆಡಲನ್ನು ತುಳಿದರೂ ಕಾರು ನಿಲ್ಲದು.

ಇಂಜಿನಿನ ಸರದಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿಯ ವಾಯುವಿನ ಒತ್ತಡ ಸಮುದ್ರತೀರಕ್ಕಿಂತ ಸುಮಾರು ಹತ್ತನೆಯ ಒಂದು ಪಾಲು ಕಡಿಮೆ. ಟರ್ಬೋ ಇಲ್ಲದ ಇಂಜಿನು ಬಹುಮಟ್ಟಿಗೆ ಅಷ್ಟೇ ಪ್ರಮಾಣದ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸಾವಿರಾರು ರೂಪಾಯಿ ಸುರಿದು ನೂರಕ್ಕೆ ಹತ್ತರಷ್ಟು ಶಕ್ತಿಯನ್ನು ಗಳಿಸಿದವನು, ಚೆನ್ನೈಯಲ್ಲಿ ಅದೇ ಕಾರು ಪುಕ್ಕಟೆಯಾಗಿ ಪಡೆಯುವ ಶಕ್ತಿಯನ್ನು ಮರಳಿ ಪಡೆದಂತಾಯಿತು, ಅಷ್ಟೆ! ಗಟ್ಟಿಯಾಗಿ ಗರ್ಜಿಸುವ ಸೈಲೆನ್ಸರು ಶಕ್ತಿಯ ಸೂಚಕವಲ್ಲ. ಸದ್ದು ವ್ಯಯವೇ ಹೊರತು ಗಳಿಕೆಯಲ್ಲ. ಹೊಸ ಸ್ಪಾರ್ಕ್ ಪ್ಲಗ್ಗು, ಶುಭ್ರವಾದ ಗಾಳಿಯ ಶೋಧಕ, ಜಾರದ ಕ್ಲಚ್ಚು ಇವು ಮೊದಲಿರಲಿ. ಹಿಂದಿನ ಆಸನ, ನೆಲಹಾಸು ಮುಂತಾದುವನ್ನು ನಿಯಮ ಒಪ್ಪುವುದಾದರೆ ತೆಗೆದು 40 ಕಿಲೋಗ್ರಾಂ ಇಳಿಸಿದರೆ, ನಮ್ಮ ನೇರ ಹಾದಿಯಲ್ಲಿ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗವು ಖರ್ಚಿಲ್ಲದೆ ಉಳಿಯುವುದು.

ನಿಯಮ, ಕಾನೂನು ಮತ್ತು ಜೀವ

ಅಂಗಡಿಗೆ ಹೋಗುವ ಮೊದಲು ಸ್ಪರ್ಧೆಯ ನಿಯಮಾವಳಿಯನ್ನು ಓದಬೇಕು. ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳ ಒಕ್ಕೂಟದ ಮನ್ನಣೆ ಪಡೆದ ಸ್ಪರ್ಧೆಗಳಲ್ಲಿ ಕಾರುಗಳನ್ನು ಇಂಜಿನಿನ ಗಾತ್ರ ಹಾಗೂ ಮಾರ್ಪಾಡುಗಳಿಗೆ ಅನುಸಾರವಾಗಿ ವರ್ಗೀಕರಿಸುತ್ತಾರೆ. ಅನುಮತಿಯಿಲ್ಲದ ಒಂದು ಮಾರ್ಪಾಡು ನಿಮ್ಮ ಕಾರನ್ನು ಹೆಚ್ಚು ಬಲಿಷ್ಠ ಕಾರುಗಳ ವರ್ಗಕ್ಕೆ ತಳ್ಳಬಹುದು. ಹಣ ಕೊಟ್ಟು ಸೋಲನ್ನು ಕೊಂಡಂತಾಗುವುದು.

1988ರ ಮೋಟಾರು ವಾಹನ ಅಧಿನಿಯಮದ 52ನೆಯ ವಿಭಾಗವು, ತಯಾರಕರು ಮೂಲತಃ ಸೂಚಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಆದುದರಿಂದ ಸ್ಪರ್ಧೆಯ ಕಾರನ್ನು ಬೇರೊಂದು ವಾಹನದ ಮೇಲೇರಿಸಿ ಬಯಲಿಗೆ ಒಯ್ಯುವ ವೆಚ್ಚವನ್ನೂ ಆಯವ್ಯಯದಲ್ಲಿ ಸೇರಿಸಿಕೊಳ್ಳಬೇಕು. ನಾಗರಭಾವಿಯ ವರ್ತುಲ ರಸ್ತೆಯಾಗಲಿ ಮಾಗಡಿ ರಸ್ತೆಯಾಗಲಿ ಪರೀಕ್ಷಾಂಗಣವಲ್ಲ. ಅಲ್ಲಿ ನಡೆಯುವವರು ಈ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟವರಲ್ಲ.

ಕಾರು ಮಗುಚಿದಾಗ ಚಾಲಕನನ್ನು ಕಾಯುವ ಉಕ್ಕಿನ ಪಂಜರ, ಗಟ್ಟಿಯಾದ ಆಸನ, ಪಟ್ಟಿಗಳು, ಶಿರಸ್ತ್ರಾಣ, ಬೆಂಕಿ ಆರಿಸುವ ಸಾಧನ ಇವು ಓಟದ ಕಾಲವನ್ನು ತಗ್ಗಿಸಲಾರವು. ಆದರೂ ಇವುಗಳಲ್ಲಿ ಕೊಸರಾಟ ಸಲ್ಲದು. ಬೆಸುಗೆಯ ಕೌಶಲವಿದ್ದ ಮಾತ್ರಕ್ಕೆ ಸಿಕ್ಕ ಕೊಳವೆಯಿಂದ ಪಂಜರ ಕಟ್ಟಬಾರದು. ಕೊಳವೆಯ ಲೋಹ, ದಪ್ಪ, ಜೋಡಣೆ ಎಲ್ಲವೂ ನಿಯಮಾವಳಿಯಂತೆಯೇ ಇರಬೇಕು. ಶಿರಸ್ತ್ರಾಣವಿಲ್ಲದ ತಲೆಗೆ ಪಂಜರವೇ ಶತ್ರುವಾಗಬಲ್ಲದು.

ಹೀಗೆ ವೆಚ್ಚದ ಕ್ರಮವು ಸ್ಪಷ್ಟವಾಗುತ್ತದೆ: ಮೊದಲು ನಿಯಮಾವಳಿ ಮತ್ತು ಸುರಕ್ಷತೆ, ಅನಂತರ ಹಳೆಯ ಭಾಗಗಳ ದುರಸ್ತಿ ಮತ್ತು ಬ್ರೇಕಿನ ದ್ರವ, ಆಮೇಲೆ ಟೈರು, ಬಳಿಕ ಷಾಕ್ ಅಬ್ಸಾರ್ಬರು, ಎಲ್ಲಕ್ಕೂ ಕೊನೆಗೆ ಇಂಜಿನು. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ, ಮೊದಲೂ ಆಮೇಲೂ ಕಾಲವನ್ನು ಅಳೆಯಿರಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಲಾಭ ಯಾವುದರದೆಂದು ತಿಳಿಯುವ ಬಗೆಯಿಲ್ಲ. ಹಣ ಮಿಕ್ಕಿದರೆ ಅದನ್ನು ಪ್ರವೇಶ ಶುಲ್ಕಕ್ಕೂ ಪೆಟ್ರೋಲಿಗೂ ಇಡಿರಿ. ಘರ್ಷಣಾಂಕದ ಮಿತಿ ಎಲ್ಲಿದೆಯೆಂಬುದನ್ನು ಕಾಗದದ ಮೇಲಿನ ಲೆಕ್ಕ ಹೇಳೀತು. ಅದನ್ನು ಚಕ್ರದ ಕಂಪನದಿಂದಲೇ ಗುರುತಿಸಬಲ್ಲ ಕೈ ಮಾತ್ರ ಅಭ್ಯಾಸದಿಂದ ಬರತಕ್ಕದ್ದು.