‘ಒಂದನ್ನು ತೆಗೆ’ ಎಂದರೆ ಯಾವ ಒಂದು?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 10, 3, 7, 1 ಎಂಬ ಪಟ್ಟಿ ಇದೆಯೆನ್ನಿ. ಅದಕ್ಕೆ ‘ರಿಮೂವ್ 1’ ಎಂದು ಆಜ್ಞೆ ಕೊಟ್ಟರೆ ಕೊನೆಯ 1 ಅಳಿಯುತ್ತದೆ. ಇದೇ ಪಟ್ಟಿ ಇನ್ನೊಂದು ಭಾಷೆಯಾದ ಜಾವಾದಲ್ಲಿದ್ದರೆ ಇದೇ ಆಜ್ಞೆಗೆ ಅಳಿಯುವುದು 3! ಜಾವಾ ಆ 1 ಅನ್ನು ಸ್ಥಾನದ ಸಂಖ್ಯೆ ಎಂದುಕೊಳ್ಳುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಅಲ್ಲಿರುವುದು 3. ಟೋಕನ್ ನಂಬರ್ ಕೂಗಿದಾಗ ಸಾಲಿನಲ್ಲಿ ಅಷ್ಟನೆಯವರು ಎದ್ದು ಬಂದ ಹಾಗೆ.

ಜಾವಾ ಪಟ್ಟಿಗೆ ಒಂದೇ ಹೆಸರಿನ ಎರಡು ‘ರಿಮೂವ್’ಗಳಿವೆ: ಒಂದು ಸ್ಥಾನ ನೋಡಿ ಅಳಿಸುತ್ತದೆ, ಇನ್ನೊಂದು ವಸ್ತುವನ್ನು (ಆಬ್ಜೆಕ್ಟ್) ಹುಡುಕಿ ಅಳಿಸುತ್ತದೆ. 2004ರ ಜಾವಾ 5 ಬರಿಯ ಸಂಖ್ಯೆಯನ್ನು ತಾನಾಗಿಯೇ ವಸ್ತುವಾಗಿಸುವ ಸೌಲಭ್ಯ ತಂದ ಮೇಲೆ ಇವೆರಡರ ನಡುವಿನ ಗೆರೆ ಮಸುಕಾಯಿತು. ಪಟ್ಟಿಯಂಥ ಜಾವಾ ಸಂಗ್ರಹಗಳ ವ್ಯವಸ್ಥೆಯನ್ನು ರೂಪಿಸಿದ ಜೋಶುವಾ ಬ್ಲಾಕ್ ಅವರೇ ತಮ್ಮ ‘ಎಫೆಕ್ಟಿವ್ ಜಾವಾ’ ಪುಸ್ತಕದಲ್ಲಿ ಈ ಗೊಂದಲದ ಬಗ್ಗೆ ಎಚ್ಚರಿಸಿದ್ದಾರೆ.

ಪೈ4ಜೆ, ಜೆಪೈಪ್‌ನಂಥ ಸೇತುವೆಗಳು ಪೈಥಾನ್‌ನಿಂದಲೇ ಜಾವಾ ವಸ್ತುಗಳನ್ನು ಬಳಸಲು ದಾರಿ ಮಾಡಿಕೊಡುತ್ತವೆ. ದೊಡ್ಡ ದತ್ತಾಂಶ ಸಂಸ್ಕರಿಸುವ ಪೈಸ್ಪಾರ್ಕ್ ನಿಂತಿರುವುದೂ ಪೈ4ಜೆ ಮೇಲೆಯೇ. ಇಂಥ ಸೇತುವೆ ಹೆಸರನ್ನಷ್ಟೇ ಹೊಂದಿಸಿ ಆಜ್ಞೆಯನ್ನು ದಾಟಿಸಿದರೆ ಮೇಲಿನ ಉದಾಹರಣೆಯಂತೆ ತಪ್ಪು ಅಂಶ ಅಳಿಯಬಹುದು, ದೋಷಸೂಚನೆಯೂ ಬಾರದಿರಬಹುದು.

ಪರಿಹಾರವೆಂದರೆ, ಪೈಥಾನ್‌ನ ‘ರಿಮೂವ್’ ಬಂದಾಗ ಸಂಖ್ಯೆಯನ್ನು ವಸ್ತುವಾಗಿ ಕಟ್ಟಿ, ಹುಡುಕಿ ಅಳಿಸುವ ವಿಧಾನವನ್ನೇ ಕರೆಯುವುದು. ಸ್ಥಾನದ ಕೆಲಸವನ್ನು ಪೈಥಾನ್‌ನಲ್ಲಿ ಸ್ಥಾನ ನೋಡಿ ಅಳಿಸುವ ‘ಪಾಪ್’ಗೆ ಬಿಡುವುದು. ಆದರೆ ಅಷ್ಟಕ್ಕೇ ಮುಗಿಯದು. ಜಾವಾದಲ್ಲಿ ‘ಇಂಟಿಜರ್’ ಮತ್ತು ‘ಲಾಂಗ್’ ಎಂಬ ಬೇರೆ ಬೇರೆ ಬಗೆಯ ಸಂಖ್ಯಾ ವಸ್ತುಗಳಿವೆ; ‘ಇಂಟಿಜರ್’ 1 ಮತ್ತು ‘ಲಾಂಗ್’ 1 ಸಮವಲ್ಲ. ತಪ್ಪು ಬಗೆಯಲ್ಲಿ ಕಟ್ಟಿದರೆ ಇರುವ ಅಂಶವೂ ಸಿಗದು. ಹುಡುಕಿದ್ದು ಸಿಗದಿದ್ದರೆ ಜಾವಾ ‘ಫಾಲ್ಸ್’ ಎಂದು ಸುಮ್ಮನಾಗುತ್ತದೆ, ಪೈಥಾನ್ ‘ವ್ಯಾಲ್ಯೂಎರರ್’ ಎಸೆಯುತ್ತದೆ. ಪೈಥಾನ್‌ಗೆ -1ನೆಯ ಸ್ಥಾನವೆಂದರೆ ಕೊನೆಯ ಅಂಶ, ಜಾವಾಕ್ಕೆ ಅದು ತಪ್ಪು. ಸೇತುವೆ ಇವನ್ನೂ ಸರಿದೂಗಿಸಬೇಕು. ಕಾಟ್ಲಿನ್ ಭಾಷೆಯವರು ಗೊಂದಲದ ಬೇರನ್ನೇ ಕಿತ್ತರು: ಸ್ಥಾನದಿಂದ ಅಳಿಸುವುದಕ್ಕೆ ‘ರಿಮೂವ್ಆ್ಯಟ್’ ಎಂಬ ಬೇರೆ ಹೆಸರಿಟ್ಟರು.

ಸೇತುವೆಯನ್ನು ತಿದ್ದಿದ ಮೇಲೆ ಪರೀಕ್ಷೆಗೂ ಪಟ್ಟಿಯನ್ನು ಜಾಣತನದಿಂದ ಆರಿಸಬೇಕು. ಪಟ್ಟಿಯಲ್ಲಿ ಪದಗಳಿದ್ದರೆ ಈ ದೋಷ ತಲೆಯೆತ್ತುವುದೇ ಇಲ್ಲ. 0, 1, 2 ಎಂಬ ಪಟ್ಟಿಯಲ್ಲಿ ಮೌಲ್ಯವೂ ಸ್ಥಾನವೂ ಒಂದೇ ಆಗಿರುವುದರಿಂದ ಕೆಟ್ಟ ಸೇತುವೆಯೂ ಪಾಸಾಗಿಬಿಡುತ್ತದೆ. 10, 3, 7, 1ರಂಥ ಪಟ್ಟಿ ಮಾತ್ರ ಅದನ್ನು ಹಿಡಿದುಕೊಡುತ್ತದೆ.